ಮಡಿಕೇರಿಯಲ್ಲಿ ಕೆಲಸ, ಮೊದಲ ಮನೆ ಕುಶಾಲನಗರದಲ್ಲೋ ಸುಂಟಿಕೊಪ್ಪದಲ್ಲೋ?

ನೀವು ಕೇಳಿರುವುದು ಇಷ್ಟು: ಗಂಡ ಹೆಂಡತಿ ಇಬ್ಬರಿಗೂ ಮಡಿಕೇರಿಯಲ್ಲೇ ಕೆಲಸ, ಮೂರು ವರ್ಷದ ಮಗು, ಮಡಿಕೇರಿಯೊಳಗೆ ಮನೆ ಕೊಳ್ಳೋಣವೆಂದರೆ ದುಡ್ಡು ಸಾಲುತ್ತಿಲ್ಲ. ಕುಶಾಲನಗರ, ಸುಂಟಿಕೊಪ್ಪ, ಮೂರ್ನಾಡು, ಈ ಮೂರರಲ್ಲಿ ಎಲ್ಲಿ ಕೊಂಡು ಓಡಾಡಬಹುದು ಅಂತ.

ನಾನು 2021ರಿಂದ ಕುಶಾಲನಗರದಲ್ಲಿದ್ದುಕೊಂಡು ಮಡಿಕೇರಿಗೆ ಓಡಾಡುತ್ತಿದ್ದೇನೆ. ನನ್ನ ಓಟು ಕುಶಾಲನಗರಕ್ಕೆ. ಆದರೆ ಊರಿನ ಎಲ್ಲ ಬೀದಿಗೂ ಅಲ್ಲ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಾವು ಮನೆ ಹುಡುಕಿದ್ದು ಫೆಬ್ರವರಿಯಲ್ಲಿ. ಬ್ರೋಕರ್ ತೋರಿಸಿದ ಮನೆ ಹೊಳೆಯಿಂದ ಕೂಗಳತೆ ದೂರ. ಕಾವೇರಿಯಲ್ಲಿ ಮೊಣಕಾಲಷ್ಟು ನೀರು, ಹುಡುಗರು ಬಂಡೆ ಮೇಲೆ ಕೂತು ಗಾಳ ಹಾಕುತ್ತಿದ್ದರು. ರೇಟು ಬೇರೆ ಕಡೆಗಿಂತ ಕಮ್ಮಿ. ಯಾಕೆ ಕಮ್ಮಿ ಅಂತ ಕೇಳುವ ಬುದ್ಧಿ ನಮಗೆ ಬರಲಿಲ್ಲ. ಐವತ್ತು ಸಾವಿರ ಅಡ್ವಾನ್ಸ್ ಕೊಟ್ಟೂ ಆಯಿತು.

ಎರಡನೇ ಸಲ ಅಳತೆ ನೋಡಲು ಹೋದಾಗ ನನ್ನ ಫೋನ್ ಚಾರ್ಜ್ ಮುಗಿದಿತ್ತು. ಪಕ್ಕದ ಮನೆಯ ಅಕ್ಕನನ್ನು ಕೇಳಿದೆ. ಒಳಗೆ ಹೋದರೆ ಪ್ಲಗ್ ಪಾಯಿಂಟ್ ನನ್ನ ಎದೆ ಎತ್ತರದಲ್ಲಿದೆ. ಟಿವಿಯದ್ದೂ ಹಾಗೇ. ಫ್ರಿಜ್ಜಂತೂ ಸೊಂಟದೆತ್ತರದ ಸಿಮೆಂಟ್ ಕಟ್ಟೆ ಮೇಲೆ ದೇವರ ಹಾಗೆ ಕೂತಿತ್ತು.

"ಯಾಕಕ್ಕಾ ಇದೆಲ್ಲ ಇಷ್ಟು ಮೇಲೆ?" ಅಂದೆ.

"ಹದಿನೆಂಟರಲ್ಲಿ ನೀರು ಬಂತಲ್ಲ, ಆಮೇಲೆ ಏರಿಸಿದ್ದು. ಹತ್ತೊಂಬತ್ತರಲ್ಲಿ ಮತ್ತೆ ಬಂತು, ಇನ್ನೂ ಸ್ವಲ್ಪ ಏರಿಸಿದೆವು. ಕಾಫಿ ಕುಡೀತೀರಾ?" ಅಂದರು.

ಕಾಫಿ ಕುಡಿದು ವಾಪಸ್ ಹೋಗಿ ನಾವು ನೋಡಿದ್ದ ಮನೆಯ ಬಾಗಿಲು ಮುಟ್ಟಿ ನೋಡಿದೆ. ಪೇಂಟು ಹೊಸದು. ಚೌಕಟ್ಟಿನ ಮರ ಮಾತ್ರ ಕೆಳಗಡೆ ಉಬ್ಬಿಕೊಂಡಿತ್ತು. ಅಡ್ವಾನ್ಸಿನಲ್ಲಿ ಅರ್ಧ ವಾಪಸ್ ಬಂತು. ಇನ್ನರ್ಧ ಆ ಅಕ್ಕನ ಕಾಫಿಯ ಬೆಲೆ ಅಂದುಕೊಂಡಿದ್ದೇನೆ.

2018 ಮತ್ತು 2019ರ ಆಗಸ್ಟ್‌ನಲ್ಲಿ ಸಾಯಿ ಬಡಾವಣೆ, ಕುವೆಂಪು ಬಡಾವಣೆಯಂಥ ತಗ್ಗಿನ ಜಾಗಗಳಿಗೆ ನೀರು ನುಗ್ಗಿದ್ದು ಇಲ್ಲಿ ಎಲ್ಲರಿಗೂ ಗೊತ್ತು. ಹೊರಗಿನಿಂದ ಬಂದವರಿಗೆ ತಿಳಿಯದಿರುವುದು ಇನ್ನೊಂದು. ಕುಶಾಲನಗರದಲ್ಲಿ ಮಳೆ ಕಮ್ಮಿ. ಪ್ರವಾಹ ಬರುವ ದಿನ ಇಲ್ಲಿ ಸುಮ್ನೆ ಸೋನೆ ಬೀಳುತ್ತಿರಬಹುದು. ಸುರಿಯುವುದು ಮೇಲೆ, ಕಾವೇರಿ ಹುಟ್ಟುವ ಭಾಗಮಂಡಲದ ಕಡೆ, ಒಳಗೆ ಬರುವುದು ಇಲ್ಲಿಯ ಮನೆಗೆ. ಊರಿಂದ ಕೆಳಗೆ ಕೂಡಿಗೆಯಲ್ಲಿ ಹಾರಂಗಿ ಹೊಳೆ ಬಂದು ಕಾವೇರಿಗೆ ಸೇರುತ್ತದೆ. ಹಾರಂಗಿ ಡ್ಯಾಮಿನಿಂದ ನೀರು ಜಾಸ್ತಿ ಬಿಟ್ಟಾಗ ಕಾವೇರಿ ಮುಂದೆ ಹರಿಯದೆ ನಿಂತುಬಿಡುತ್ತದೆ ಅಂತ ಹೊಳೆ ಪಕ್ಕದವರು ಹೇಳುತ್ತಾರೆ. ಹಾಗಾಗಿ ಹೊಳೆಯಿಂದ ದೂರ, ಏರಿನ ಮೇಲೆ, ಹೆದ್ದಾರಿಯ ಬಸ್ಸಿಗೆ ನಡೆದು ಹೋಗುವಷ್ಟು ಹತ್ತಿರ ನೋಡಿ. ನಾವು ಕೊನೆಗೆ ಕೊಂಡಿದ್ದು ಅಂಥದ್ದೇ. ಮನೆ ಚಿಕ್ಕದು, ಹೊಳೆ ಕಾಣುವುದಿಲ್ಲ.

ಈಗ ಓಡಾಟದ ಲೆಕ್ಕ. ಮಡಿಕೇರಿಗೆ ಸುಮಾರು 30 ಕಿ.ಮೀ. ಹೋಗಿ ಬರಲು 60. ತಿಂಗಳಿಗೆ 22 ದಿನ ಅಂದರೆ 1,300 ಕಿ.ಮೀ. ದಾಟುತ್ತದೆ. ಲೀಟರಿಗೆ 45 ಕೊಡುವ ಬೈಕಾದರೆ 29 ಲೀಟರ್ ಪೆಟ್ರೋಲ್, ಹತ್ತಿರ ಹತ್ತಿರ 3,000 ರೂಪಾಯಿ. ಇಬ್ಬರೂ ಒಂದೇ ಬೈಕಿನಲ್ಲಿ ಹೋಗಬಹುದಾದರೆ ಅದು ಭಾರವಲ್ಲ. ಭಾರವಾಗುವುದು ಸಮಯ. ಬಸ್ಸಿನಲ್ಲಿ ಒಂದೊಂದು ಕಡೆಗೆ ಒಂದು ಗಂಟೆ ಇಟ್ಟುಕೊಳ್ಳಿ. ದಿನಕ್ಕೆ ಎರಡು ಗಂಟೆ ಮಗುವಿನ ಪಾಲಿನಿಂದ ಹೋಗುತ್ತದೆ. ಇದನ್ನು ನಾನು ಬೇರೆ ಯಾವ ರೀತಿ ಹೇಳಿದರೂ ಸುಳ್ಳಾಗುತ್ತದೆ.

ರಸ್ತೆ ಚೆನ್ನಾಗಿದೆ, ಆದರೆ 300 ಮೀಟರ್ ಏರಬೇಕು. ಮನೆಯಲ್ಲಿ ಬಿಸಿಲು ನೋಡಿ ಜಾಕೆಟ್ ಬಿಟ್ಟು ಹೊರಟರೆ ಬೋಯಿಕೇರಿ ಹತ್ತಿರ ಮಂಜು ಮುಖಕ್ಕೆ ಬಡಿಯುತ್ತದೆ. ಗುಡ್ಡೆಹೊಸೂರು ದಾಟಿದ ಮೇಲೆ ಆನೆಕಾಡು. ಹೆಸರು ಅಲಂಕಾರಕ್ಕೆ ಇಟ್ಟಿದ್ದಲ್ಲ. ಸಂಜೆ ಕತ್ತಲಾದ ಮೇಲೆ ನಾನು ಅಲ್ಲಿ ಬೈಕ್ ಓಡಿಸುವುದಿಲ್ಲ, ಬಸ್ಸು ಹಿಡಿಯುತ್ತೇನೆ. ಶನಿವಾರ ಭಾನುವಾರ ಟೂರಿಸ್ಟ್ ಗಾಡಿಗಳ ಸಾಲು. ವಾರಾಂತ್ಯದಲ್ಲಿ ಡ್ಯೂಟಿ ಇದ್ದರೆ ಅರ್ಧ ಗಂಟೆ ಮೊದಲೇ ಹೊರಡಿ. ಇನ್ನು ಜೋರು ಮಳೆಗೆ ಡಿಸಿಯವರು ರಜೆ ಕೊಡುವುದು ಶಾಲೆಗೆ, ಆಫೀಸಿಗಲ್ಲ. ಆ ದಿನ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವುದನ್ನು ಮನೆ ಕೊಳ್ಳುವ ಮೊದಲೇ ಯೋಚಿಸಿ. ನಮಗೆ ಅತ್ತೆ ಇದ್ದಾರೆ, ಬಚಾವ್.

ಸುಂಟಿಕೊಪ್ಪ ಇದೇ ರಸ್ತೆಯಲ್ಲಿ, ಅರ್ಧ ದೂರ. ಆನೆಕಾಡೂ ಸಿಗುವುದಿಲ್ಲ. ಓಡಾಟಕ್ಕೆ ಅದೇ ಒಳ್ಳೆಯದು. ಕಷ್ಟ ಇರುವುದು ಕಾಗದದಲ್ಲಿ. ಸುತ್ತ ಎಲ್ಲ ಕಾಫಿ ತೋಟ. ಐದು ಸೆಂಟು, ಹತ್ತು ಸೆಂಟು ಜಾಗ ಅಂತ ತೋರಿಸುತ್ತಾರೆ. ಕೇಳಿದರೆ ಬಾಣೆ ಜಾಗ (ಗದ್ದೆಗೆ ಸೇರಿದ ಗುಡ್ಡದ ಜಾಗ), ಜಮ್ಮಾ ಜಾಗ (ತಲೆಮಾರಿನಿಂದ ಕುಟುಂಬಕ್ಕೆ ಬಂದದ್ದು). ಕುಟುಂಬದ ಆಸ್ತಿಯಾದ್ದರಿಂದ ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಒಂದು ಪುಟ ಹೆಸರಿರಬಹುದು. ಅದರಲ್ಲಿ ಒಬ್ಬರು ದುಬೈಯಲ್ಲಿ, ಇಬ್ಬರು ಮಾತು ಬಿಟ್ಟವರು. ಅವರ ಸಹಿಯಿಲ್ಲದೆ "ಆಮೇಲೆ ಮಾಡಿಸಿಕೊಡುತ್ತೇವೆ" ಅಂದರೆ ಸುಮ್ನೆ ಎದ್ದು ಬನ್ನಿ. ಕೃಷಿ ಜಾಗವನ್ನು ಮನೆ ಜಾಗ ಮಾಡುವ ಭೂಪರಿವರ್ತನೆ ಆದೇಶ, ಪಂಚಾಯ್ತಿ ಕೊಡುವ ಆಸ್ತಿ ದಾಖಲೆಯಾದ ಇ-ಸ್ವತ್ತು ಫಾರಂ 9 ಮತ್ತು 11 ಇಲ್ಲದಿದ್ದರೆ ನಾನು ಹೋದ ಬ್ಯಾಂಕಿನವರು ಫೈಲ್ ಮುಟ್ಟಲಿಲ್ಲ. ಅದು ಒಳ್ಳೆಯದೇ ಆಯಿತು. ಇವೆಲ್ಲ ಸರಿಯಿರುವ ಮನೆ ಸುಂಟಿಕೊಪ್ಪದಲ್ಲಿ ಸಿಕ್ಕರೆ ನನ್ನ ಮಾತು ಮರೆತು ಅದನ್ನೇ ತಗೊಳ್ಳಿ. ನನಗೆ ಸಿಗಲಿಲ್ಲ.

ವಿರಾಜಪೇಟೆ ರಸ್ತೆಯಲ್ಲಿರುವ ಮೂರ್ನಾಡೂ ಹತ್ತಿರವೇ. ಆದರೆ ಒಬ್ಬರಿಗೆ ವಿರಾಜಪೇಟೆ ಕಡೆ ಕೆಲಸ ಇದ್ದಿದ್ದರೆ ಹೇಳುತ್ತಿದ್ದೆ. ನಿಮ್ಮಿಬ್ಬರಿಗೂ ಮಡಿಕೇರಿಯೇ ಆದ್ದರಿಂದ, ಹೆದ್ದಾರಿಯ ಬಸ್ಸುಗಳನ್ನು ಬಿಟ್ಟು ಆ ಕಡೆ ಯಾಕೆ? ಕುಶಾಲನಗರದ ಸೇತುವೆ ದಾಟಿ ಕೊಪ್ಪದಲ್ಲಿ ಕೂಡ ಮನೆ ತೋರಿಸುತ್ತಾರೆ. ಅದು ಪಿರಿಯಾಪಟ್ಟಣ ತಾಲ್ಲೂಕು, ಮೈಸೂರು ಜಿಲ್ಲೆ. ಜಿಲ್ಲೆ ದಾಟಲು ಬಿಡದ 2020ರ ಲಾಕ್‌ಡೌನಿನಲ್ಲಿ ಆ ಸೇತುವೆ ಎಷ್ಟು ಉದ್ದ ಅಂತ ಅಲ್ಲಿಯವರಿಗೆ ಗೊತ್ತಾಯಿತು.

ಬ್ರೋಕರ್‌ಗಳು ಫೋರ್‌ಲೇನ್ ಬರುತ್ತದೆ ಅಂತ ರೇಟು ಏರಿಸುತ್ತಾರೆ. 2023ರ ಮಾರ್ಚ್‌ನಲ್ಲಿ ಪ್ರಧಾನಿ ಶಂಕುಸ್ಥಾಪನೆ ಮಾಡಿದ್ದು ನಿಜ, ಆದರೆ ಅದು ಮೈಸೂರಿನಿಂದ ಕುಶಾಲನಗರದವರೆಗಿನ 92 ಕಿ.ಮೀ. ನೀವು ದಿನಾ ಹೋಗುವುದು ಇನ್ನೊಂದು ಕಡೆಗೆ ಅಲ್ವಾ? ಅದಕ್ಕೆ ನೀವ್ಯಾಕೆ ದುಡ್ಡು ಕೊಡಬೇಕು? ಬಜೆಟ್ ಹಾಕುವಾಗ ಇನ್ನೊಂದು ನೆನಪಿಡಿ: ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿದೆ. ಮುದ್ರಾಂಕ ಶುಲ್ಕ ಬೇರೆ. ಇದಕ್ಕೆ ಬ್ಯಾಂಕ್ ಸಾಲ ಸಿಗುತ್ತದೆ ಅಂದುಕೊಂಡು ನಾನು ಕೊನೇ ವಾರ ಅಣ್ಣನ ಹತ್ತಿರ ಕೈಚಾಚಬೇಕಾಯಿತು.

ಎಲ್ಲಿ ಕೊಂಡರೂ ಅಡ್ವಾನ್ಸ್ ಮಾತ್ರ ಬೇಸಿಗೆಯಲ್ಲಿ ಕೊಡಬೇಡಿ. ಆಗಸ್ಟ್ 3ಕ್ಕೆ ಕಕ್ಕಡ ಹದಿನೆಂಟು (ಜೋರು ಮಳೆಯ ಕಕ್ಕಡ ತಿಂಗಳ ಹದಿನೆಂಟನೇ ದಿನ), ಕೊಡಗಿನ ಮನೆಗಳಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುವ ದಿನ. ಆ ವಾರ ಬಂದು ಎರಡು ದಿನ ಇರಿ. ಬೆಳಿಗ್ಗೆ ಎಂಟಕ್ಕೆ ಬಸ್ಸು ಹತ್ತಿ ಮಡಿಕೇರಿಗೆ ಹೋಗಿ, ಸಂಜೆ ಆರಕ್ಕೆ ವಾಪಸ್ ಬನ್ನಿ. ಮನೆ ನೋಡಲು ಹೋದಾಗ ಬ್ರೋಕರ್‌ನನ್ನು ಹೊರಗೆ ನಿಲ್ಲಿಸಿ, ಪಕ್ಕದ ಮನೆಯಲ್ಲಿ ಫೋನ್ ಚಾರ್ಜ್ ಮಾಡಿಕೊಳ್ಳಲು ಕೇಳಿ.