ಪಿಂಗ್ ಆಗುತ್ತದೆ, ಫೋಲ್ಡರ್ ತೆರೆಯುವುದಿಲ್ಲ

ಪ್ರಶ್ನೆ: ಒಂದೇ ಡೊಮೇನ್‌ನಲ್ಲಿ ಎರಡು ವಿಂಡೋಸ್ ಸರ್ವರ್‌ಗಳಿವೆ. ಒಂದರಿಂದ ಇನ್ನೊಂದಕ್ಕೆ ಪಿಂಗ್ ಮಾಡಿದರೆ ಉತ್ತರ ಬರುತ್ತದೆ, ಆದರೆ ಅದರ ಶೇರ್ ಫೋಲ್ಡರ್ ತೆರೆಯುತ್ತಿಲ್ಲ. ಫೈರ್‌ವಾಲ್ ಆಫ್ ಮಾಡಿ ನೋಡಲೇ?

ಉತ್ತರ: ದಯವಿಟ್ಟು ಬೇಡ. ಆಫ್ ಮಾಡಿದಾಗ ಸರಿಹೋದರೂ ತಡೆದದ್ದು ಯಾವ ರೂಲ್ ಎಂದು ತಿಳಿಯುವುದಿಲ್ಲ, ಸರ್ವರ್ ಮಾತ್ರ ರಕ್ಷಣೆಯಿಲ್ಲದೆ ಉಳಿಯುತ್ತದೆ.

ಪಿಂಗ್‌ಗೆ ಪೋರ್ಟ್ ಎಂಬುದೇ ಇಲ್ಲ, ಹಾಗಾಗಿ ಅದಕ್ಕೆ ಉತ್ತರ ಬಂದರೂ ಪೋರ್ಟ್ ತೆರೆದಿದೆಯೇ ಎಂದು ತಿಳಿಯದು. ಫೈಲ್ ಶೇರಿಂಗ್ ನಡೆಯುವುದು ಟಿಸಿಪಿ 445ರಲ್ಲಿ. ಪವರ್‌ಶೆಲ್‌ನ ಟೆಸ್ಟ್-ನೆಟ್‌ಕನೆಕ್ಷನ್ ಕಮಾಂಡಿಗೆ ಸರ್ವರ್ ಹೆಸರು ಮತ್ತು ಆ ಪೋರ್ಟ್ ನಂಬರ್ ಕೊಡಿ. ಕೊನೆಯ ಸಾಲಿನಲ್ಲಿ ‘ಫಾಲ್ಸ್’ ಬಂದರೆ, ಫೋಲ್ಡರ್ ಇರುವ ಸರ್ವರ್‌ನಲ್ಲಿ ನೆಟ್‌ಸ್ಟಾಟ್ ಕಮಾಂಡನ್ನು -an ಸೇರಿಸಿ ಕೊಟ್ಟು 445 ‘ಲಿಸನಿಂಗ್’ ಸ್ಥಿತಿಯಲ್ಲಿದೆಯೇ ನೋಡಿ. ಇಲ್ಲದಿದ್ದರೆ ‘ಸರ್ವರ್’ ಹೆಸರಿನ ಸರ್ವಿಸ್ ನಿಂತಿರಬಹುದು. ಇದ್ದರೆ ತಡೆ ಫೈರ್‌ವಾಲ್‌ನಲ್ಲಿದೆ, ಇಲ್ಲವೇ ದಾರಿಯ ನಡುವೆ ಇದೆ. ಆಗ ರೂಲ್‌ಗಳಿಗಿಂತ ಮುಂಚೆ ನೆಟ್‌ವರ್ಕ್ ಪ್ರೊಫೈಲ್ (ಯಾವ ರೂಲ್‌ಗಳು ಜಾರಿಯಲ್ಲಿರಬೇಕೆಂದು ನಿರ್ಧರಿಸುವ ನೆಟ್‌ವರ್ಕ್ ಬಗೆ) ನೋಡಿ. ಬೂಟ್ ಆಗುವ ಹೊತ್ತಿಗೆ ಡೊಮೇನ್ ಕಂಟ್ರೋಲರ್ (ಡೊಮೇನ್‌ನ ಲಾಗಿನ್‌ಗಳನ್ನು ಪರಿಶೀಲಿಸುವ ಸರ್ವರ್) ಸಿಗದಿದ್ದರೆ ಪ್ರೊಫೈಲ್ ‘ಪಬ್ಲಿಕ್’ ಆಗಿಬಿಡುವುದುಂಟು. ಡೊಮೇನ್ ಪ್ರೊಫೈಲಿಗೆ ಬರೆದ ರೂಲ್ ಆಗ ಕೆಲಸ ಮಾಡುವುದಿಲ್ಲ.

‘ಟ್ರೂ’ ಬಂದರೆ ಫೈರ್‌ವಾಲನ್ನು ಮರೆತುಬಿಡಿ. ನೆಟ್ ಯೂಸ್ ಕಮಾಂಡ್ ಕೊಟ್ಟು ಎರರ್ ನಂಬರ್ ಓದಿ. 53 ಎಂದರೆ ಸರ್ವರ್ ಸಿಗಲಿಲ್ಲ, ಹೆಸರು ತಪ್ಪಿರಬಹುದು. 1326 ಎಂದರೆ ಯೂಸರ್‌ನೇಮ್ ಅಥವಾ ಪಾಸ್‌ವರ್ಡ್ ತಪ್ಪು. 1219 ಬಂದರೆ ಅದೇ ಸರ್ವರ್‌ಗೆ ಬೇರೆ ಯೂಸರ್ ಹೆಸರಿನಲ್ಲಿ ಈಗಾಗಲೇ ಕನೆಕ್ಷನ್ ಇದೆ, ಅದನ್ನು ಡಿಲೀಟ್ ಮಾಡಿ. 5 ಬಂದರೆ ಪರ್ಮಿಷನ್ ಸಮಸ್ಯೆ. ಶೇರ್ ಪರ್ಮಿಷನ್, ಎನ್‌ಟಿಎಫ್‌ಎಸ್ ಪರ್ಮಿಷನ್ (ಡಿಸ್ಕ್‌ನಲ್ಲಿರುವ ಫೋಲ್ಡರಿನದೇ ಪರ್ಮಿಷನ್) ಎರಡನ್ನೂ ನೋಡಬೇಕು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಯೂಸರನ್ನು ಗ್ರೂಪಿಗೆ ಈಗಷ್ಟೇ ಸೇರಿಸಿದ್ದರೆ, ಲಾಗಾಫ್ ಆಗಿ ಮತ್ತೆ ಲಾಗಿನ್ ಆಗುವ ತನಕ ಹೊಸ ಹಕ್ಕು ಸಿಗದು.

ಪ್ರಶ್ನೆ: ಐಪಿ ವಿಳಾಸ ಕೊಟ್ಟರೆ ಫೋಲ್ಡರ್ ತೆರೆಯುತ್ತದೆ, ಸರ್ವರ್ ಹೆಸರು ಕೊಟ್ಟರೆ ಇಲ್ಲ. ಐಪಿಯನ್ನೇ ಬಳಸಿದರೆ ಆಗದೇ?

ಉತ್ತರ: ಕೆಲಸ ನಡೆಯುತ್ತದೆ, ರೋಗ ಒಳಗೇ ಉಳಿಯುತ್ತದೆ. ಹೆಸರು ಕೊಟ್ಟಾಗ ಸರ್ವರ್‌ಗಳು ಗುರುತು ಪರಿಶೀಲಿಸಲು ಕೆರ್ಬೆರೋಸ್ ಎಂಬ ವಿಧಾನ ಬಳಸುತ್ತವೆ. ಐಪಿ ಕೊಟ್ಟಾಗ ಸಾಮಾನ್ಯವಾಗಿ ಎನ್‌ಟಿಎಲ್‌ಎಂ ಎಂಬ ಹಳೆಯ ವಿಧಾನಕ್ಕೆ ಇಳಿಯುತ್ತವೆ. ಮೊದಲು ಎನ್‌ಎಸ್‌ಲುಕಪ್ (ಹೆಸರಿನ ಐಪಿ ವಿಳಾಸವನ್ನು ಡಿಎನ್‌ಎಸ್ ಸರ್ವರ್‌ಗೆ ಕೇಳುವ ಕಮಾಂಡ್) ಮತ್ತು ಪಿಂಗ್ ಎರಡಕ್ಕೂ ಅದೇ ಹೆಸರು ಕೊಡಿ. ಎನ್‌ಎಸ್‌ಲುಕಪ್ ಹೋಸ್ಟ್ಸ್ ಫೈಲನ್ನು (ಹೆಸರು-ವಿಳಾಸಗಳನ್ನು ಕೈಯಾರೆ ಬರೆದಿಡುವ ಫೈಲ್) ನೋಡುವುದಿಲ್ಲ, ಪಿಂಗ್ ನೋಡುತ್ತದೆ. ಹಾಗಾಗಿ ಎರಡೂ ಬೇರೆ ವಿಳಾಸ ತೋರಿಸಿದರೆ ಹೋಸ್ಟ್ಸ್ ಫೈಲಿನಲ್ಲಿ ಹಳೆಯ ಸಾಲು ಉಳಿದಿದೆಯೇ ಹುಡುಕಿ, ಡಿಎನ್‌ಎಸ್ ಕ್ಯಾಶ್ ಕೂಡ ಖಾಲಿ ಮಾಡಿ. ವಿಳಾಸ ಸರಿಯಿದ್ದರೆ ಎರಡೂ ಸರ್ವರ್‌ಗಳ ಗಡಿಯಾರ ನೋಡಿ: ವ್ಯತ್ಯಾಸ 5 ನಿಮಿಷ ಮೀರಿದರೆ ಕೆರ್ಬೆರೋಸ್ ಒಪ್ಪುವುದಿಲ್ಲ. ಸಮಯವನ್ನು ಕೈಯಲ್ಲಿ ತಿದ್ದಿದರೆ ಮತ್ತೆ ಜಾರೀತು, ಡೊಮೇನ್‌ನಿಂದಲೇ ಸಿಂಕ್ ಮಾಡಿಸಿ.

ಪ್ರಶ್ನೆ: ನಾನೇ ಓಡಿಸಿದರೆ ಫೈಲ್ ಕಾಪಿ ಮಾಡುವ ಸ್ಕ್ರಿಪ್ಟ್, ಟಾಸ್ಕ್ ಶೆಡ್ಯೂಲರ್‌ನಲ್ಲಿ ‘ಸಿಸ್ಟಮ್’ ಖಾತೆಯಿಂದ ಓಡಿಸಿದರೆ ಸೋಲುತ್ತದೆ. ಏಕೆ?

ಉತ್ತರ: ನೆಟ್‌ವರ್ಕ್‌ನಾಚೆಗೆ ‘ಸಿಸ್ಟಮ್’ ಖಾತೆಯ ಗುರುತು ಆ ಕಂಪ್ಯೂಟರ್‌ನ ಹೆಸರು, ಕೊನೆಗೊಂದು ಡಾಲರ್ ಚಿಹ್ನೆ. ಪರ್ಮಿಷನ್ ಕೊಡಬೇಕಾದ್ದು ಅದಕ್ಕೆ. ಹುಡುಕುವ ಕಿಟಕಿಯಲ್ಲಿ ‘ಆಬ್ಜೆಕ್ಟ್ ಟೈಪ್ಸ್’ ಒತ್ತಿ ‘ಕಂಪ್ಯೂಟರ್ಸ್’ ಆಯ್ಕೆ ಮಾಡದಿದ್ದರೆ ಆ ಹೆಸರು ಸಿಗುವುದಿಲ್ಲ. ಸ್ಕ್ರಿಪ್ಟ್‌ನಲ್ಲಿ ಝಡ್ ಡ್ರೈವ್ ಎಂದೇನಾದರೂ ಬರೆದಿದ್ದರೆ ತೆಗೆಯಿರಿ. ಮ್ಯಾಪ್ ಮಾಡಿದ ಅಕ್ಷರ ನಿಮ್ಮ ಲಾಗಿನ್‌ಗೆ ಮಾತ್ರ ಸೇರಿದ್ದು. ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ, ಸರ್ವರ್ ಹೆಸರಿನಿಂದ ಶುರುಮಾಡಿ ಪೂರ್ತಿ ಪಾತ್ ಬರೆಯಿರಿ.