ಗುಳ್ಳೆ ನೋಡುತ್ತ ನಿಂತ ಹುಡುಗಿ

(ಹೆಸರನ್ನೂ ಗುರುತು ಸಿಗುವ ವಿವರಗಳನ್ನೂ ಬದಲಿಸಿದ್ದೇನೆ.)

ಅವಳನ್ನು ಕಾವ್ಯ ಎನ್ನೋಣ. ಜಗಳೂರು ಕಡೆಯ ಹಳ್ಳಿ, ಮೂರು ಎಕರೆ ಮಳೆಯಾಶ್ರಿತ ಜಮೀನು, ಮೆಕ್ಕೆಜೋಳ. ದ್ವಿತೀಯ ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದಿದ್ದರೂ ನೀಟ್‌ನಲ್ಲಿ ಸೀಟು ಸಿಗಲಿಲ್ಲ. ಮುಂದೆ ಏನು ಓದಬೇಕೆಂದು ಸಲಹೆ ಕೇಳಲು ತಾಯಿ ಮತ್ತು ಸೋದರಮಾವನ ಜೊತೆ ದಾವಣಗೆರೆಯ ನನ್ನ ಕೊಠಡಿಗೆ ಬಂದಳು. ಅವಳು ಬಾಯಿ ತೆರೆಯುವ ಮೊದಲೇ ಮಾವ ತೀರ್ಪು ಕೊಟ್ಟರು: “ನರ್ಸಿಂಗ್ ಬೇಡ ಮೇಡಂ. ನರ್ಸ್ ಮಾಡುವುದಕ್ಕೆ ಇಷ್ಟು ಓದಿಸಬೇಕಿತ್ತೇ? ರೆಸ್ಪಿರೇಟರಿ ಥೆರಪಿ ಎಂದು ಒಂದಿದೆಯಂತೆ, ಉಸಿರಾಟದ ಚಿಕಿತ್ಸೆ. ಥೆರಪಿಸ್ಟ್ ಎಂದರೆ ಡಾಕ್ಟರ್ ಲೆಕ್ಕ.”

ನಾನು ಹುಡುಗಿಯನ್ನು ಕೇಳಿದೆ. “ನನಗೂ ಅದೇ ಇಷ್ಟ ಮೇಡಂ. ಅದರಲ್ಲಿ ಮೆಷಿನ್ ನೋಡಿಕೊಂಡರೆ ಸಾಕು. ಗಲೀಜು ಬಳಿಯುವ ಕೆಲಸ ಇರುವುದಿಲ್ಲ.”

ಮೊದಲು ಆ ಗಲೀಜಿನ ಮಾತನ್ನೇ ತೆಗೆದುಕೊಂಡೆವು. ವೆಂಟಿಲೇಟರ್ ಎಂಬ ಉಸಿರಾಟದ ಯಂತ್ರಕ್ಕೆ ಕೊಳವೆಯ ಮೂಲಕ ಸೇರಿಸಿರುವ ರೋಗಿ ತಾನೇ ಕೆಮ್ಮಿ ಕಫ ಉಗುಳಲಾರ. ಕೊಳವೆಯಲ್ಲಿ ಕಫ ಕಟ್ಟಿಕೊಂಡರೆ ಒಳಗಿನ ಒತ್ತಡ ಏರಿ ಯಂತ್ರ ಕೂಗುತ್ತದೆ. ಆಗ ಸಣ್ಣ ನಳಿಕೆ ಇಳಿಸಿ ಕಫ ಎಳೆಯಬೇಕು, ಅದೂ ಹತ್ತು ಹದಿನೈದು ಸೆಕೆಂಡಿನೊಳಗೆ. ನನಗೆ ಪರಿಚಯದ ಥೆರಪಿಸ್ಟ್ ಒಬ್ಬರು ಆ ಹೊತ್ತಿನಲ್ಲಿ ತಾವೂ ಉಸಿರು ಹಿಡಿದಿರುತ್ತಾರೆ. ತಮಗೆ ಗಾಳಿ ಬೇಕೆನಿಸಿದರೆ ರೋಗಿಗೂ ಬೇಕಾಗಿರುತ್ತದೆ ಎಂಬುದು ಅವರು ಇಟ್ಟುಕೊಂಡ ಲೆಕ್ಕ. ಇದಲ್ಲದೆ ಮಣಿಕಟ್ಟಿನ ಅಪಧಮನಿಗೆ ಸೂಜಿ ಹಾಕಿ ರಕ್ತ ತೆಗೆಯುವುದು, ಉಸಿರು ನಿಂತವರ ಬಳಿಗೆ ನಡುರಾತ್ರಿ ಓಡುವುದು, ಎಲ್ಲವೂ ಅವರ ಕೆಲಸವೇ. ಕಾವ್ಯ ಮುಖ ಸಿಂಡರಿಸಲಿಲ್ಲ. ಕಣ್ಣರಳಿಸಿ, “ಯಂತ್ರ ಕೂಗಿದರೆ ಕಫವೇ ಎಂದು ಹೇಗೆ ಗೊತ್ತಾಗುತ್ತದೆ?” ಎಂದಳು. ಗಲೀಜಿನ ಅಂಜಿಕೆ ಅವಳದಲ್ಲ, ಯಾರೋ ತಲೆಗೆ ತುಂಬಿದ್ದು ಎಂದು ಆಗಲೇ ನನಗೆ ಅನಿಸಿತು.

ಹಾಗಾದರೆ ಉಸಿರಿನ ಮೇಲೆ ಈ ಆಸೆ ಬಂದದ್ದು ಎಲ್ಲಿಂದ? ಕೇಳಿದಾಗ ನಿಜವಾದ ಕಥೆ ಹೊರಬಂತು. ಎರಡು ವರ್ಷದ ಹಿಂದೆ ಅವಳ ಅಕ್ಕನಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿತ್ತು. ಉಸಿರಿಗೆ ನೆರವಾಗಲು ಮಗುವಿನ ಮೂಗಿಗೆ ಸಿಕ್ಕಿಸಿದ ಪುಟ್ಟ ನಳಿಕೆ, ಇನ್ನೊಂದು ತುದಿ ನೀರಿನ ಬಾಟಲಿಯೊಳಗೆ, ಅದರಲ್ಲಿ ಬಿಡದೆ ಏಳುವ ಗುಳ್ಳೆಗಳು. ಇವಳು ಗಾಜಿನಾಚೆ ನಿಂತು ಗುಳ್ಳೆಗಳನ್ನೇ ನೋಡುತ್ತಿದ್ದಳಂತೆ. ಒಂದು ಮಧ್ಯಾಹ್ನ ಗುಳ್ಳೆ ನಿಂತಿತು. ಒಳಗಿದ್ದವರೊಬ್ಬರು ಬಂದು ಮಗುವಿನ ಗದ್ದವನ್ನು ಒಂದೇ ಬೆರಳಲ್ಲಿ ಮೆಲ್ಲಗೆ ಮೇಲೆತ್ತಿ ಬಾಯಿ ಮುಚ್ಚಿಸಿದರು. ಬಾಯಿಂದ ಸೋರುತ್ತಿದ್ದ ಗಾಳಿ ನಿಂತು ಗುಳ್ಳೆಗಳು ಮತ್ತೆ ಎದ್ದವು. “ನಾನು ಅವರ ಹಾಗೆ ಆಗಬೇಕು ಮೇಡಂ.”

“ಅವರು ಯಾರು, ಥೆರಪಿಸ್ಟೇ?” ಎಂದೆ. ಅವಳಿಗೆ ಗೊತ್ತಿರಲಿಲ್ಲ. ಅಲ್ಲಿಂದಲೇ ಅಕ್ಕನಿಗೆ ಫೋನ್ ಮಾಡಿಸಿದೆ. ಮೊಬೈಲಿನಿಂದ ಬಂದ ಉತ್ತರ ನಾಲ್ವರಿಗೂ ಕೇಳಿಸಿತು: “ಅವರಾ? ಸಿಸ್ಟರ್ ಕಣೇ. ರಾತ್ರಿ ಪಾಳಿಯಲ್ಲೂ ಅವರೇ ಇರುತ್ತಿದ್ದರು.” ಮಾವ ಕಿಟಕಿಯ ಕಡೆ ತಿರುಗಿದರು. ಅಲ್ಲಿಯವರೆಗೆ ಸುಮ್ಮನಿದ್ದ ತಾಯಿ, “ಅವರ ಹೆಸರನ್ನೂ ಕೇಳಿಕೊಳ್ಳಲಿಲ್ಲ ನಾವು” ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು.

ನಾನು ಕೊಟ್ಟ ಸಲಹೆ: ನಿನ್ನ ಮನೆಯ ಸ್ಥಿತಿಗೆ ಬಿ.ಎಸ್ಸಿ. ನರ್ಸಿಂಗ್ ಮೊದಲ ಆಯ್ಕೆಯಾಗಲಿ. ಎರಡಕ್ಕೂ ಹಿಡಿಯುವುದು ನಾಲ್ಕು ವರ್ಷವೇ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ರೆಸ್ಪಿರೇಟರಿ ಕೋರ್ಸ್‌ನಲ್ಲಿ ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಆದರೆ ಓದಿನ ನಂತರದ ದಾರಿಗಳು ಒಂದೇ ಸಮ ಇಲ್ಲ. ನರ್ಸಿಂಗ್ ಓದಿದವಳು ಆಮೇಲೆ ಉಸಿರಿನ ಕಡೆಗೆ ಹೊರಳಬಹುದು. ನವಜಾತ ಶಿಶುಗಳ ಆರೈಕೆಗೂ ತೀವ್ರ ನಿಗಾ ಘಟಕಕ್ಕೂ ಒಂದು ವರ್ಷದ ಡಿಪ್ಲೊಮಾಗಳಿವೆ, ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟಿಷನರ್ ಎಂಬ ಎರಡು ವರ್ಷದ ಸ್ನಾತಕೋತ್ತರ ಕೋರ್ಸ್ ಇದೆ. ರೆಸ್ಪಿರೇಟರಿ ಓದಿದವಳಿಗೆ ನರ್ಸ್ ಆಗಬೇಕೆನಿಸಿದರೆ ಮತ್ತೆ ಮೊದಲ ವರ್ಷದಿಂದಲೇ ಶುರು. ಕೆಲಸದ ಮಾತಿಗೆ ಬಂದರೆ, ತಾಲ್ಲೂಕು ಆಸ್ಪತ್ರೆಗೂ ನರ್ಸ್ ಬೇಕೇ ಬೇಕು. ಥೆರಪಿಸ್ಟ್‌ಗಳನ್ನು ಪ್ರತ್ಯೇಕವಾಗಿ ನೇಮಿಸಿಕೊಳ್ಳುವುದು ಹೆಚ್ಚಾಗಿ ದೊಡ್ಡ ಐಸಿಯು ಇರುವ ಆಸ್ಪತ್ರೆಗಳು. ಸಾಲ ಮಾಡಿ ಓದುವ ಹುಡುಗಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ರೆಸ್ಪಿರೇಟರಿ ಥೆರಪಿ ಕೀಳು ಎಂದು ನಾನು ಹೇಳಲೇ ಇಲ್ಲ. ಗಾಳಿಯ ಒತ್ತಡದ ಭೌತಶಾಸ್ತ್ರವನ್ನು ಹಬ್ಬದೂಟದಂತೆ ಸವಿಯುತ್ತಿದ್ದ ಹರಿಹರದ ಹುಡುಗನೊಬ್ಬನಿಗೆ ಅದನ್ನೇ ಓದು ಎಂದಿದ್ದೆ. ಅವನ ಮನೆಯವರಿಗೆ ಅವನನ್ನು ಬೆಂಗಳೂರಿನಲ್ಲಿಟ್ಟು ಕಾಯುವ ಶಕ್ತಿಯೂ ಇತ್ತು. 2021ರ ಕಾಯ್ದೆಯಿಂದ ಇಂತಹ ಕೋರ್ಸ್‌ಗಳಿಗೂ ರಾಷ್ಟ್ರೀಯ ಆಯೋಗ ಬಂದಿದೆ, ಅದು ಒಳ್ಳೆಯದೇ. ನರ್ಸಿಂಗ್‌ಗಾದರೋ 1947ರಲ್ಲೇ ಪರಿಷತ್ತಿನ ಕಾನೂನು ಬಂದಿತ್ತು.

ವಿದೇಶದ ಆಸೆಯನ್ನು ಮಾವ ಎತ್ತಿದರು. ಅಮೆರಿಕದಲ್ಲಿ ಥೆರಪಿಸ್ಟ್ ಆಗಲು ಅಲ್ಲಿ ಮಾನ್ಯತೆ ಪಡೆದ ಕೋರ್ಸ್ ಓದಿರಬೇಕು. ಬ್ರಿಟನ್ನಿನಲ್ಲಿ ಆ ಹೆಸರಿನ ಪ್ರತ್ಯೇಕ ವೃತ್ತಿಯೇ ಇಲ್ಲ. ಅದೇ ನಮ್ಮ ನರ್ಸ್‌ಗಳು ಪರೀಕ್ಷೆ ಬರೆದು ಎರಡೂ ಕಡೆ ಹೋಗುತ್ತಿದ್ದಾರೆ. ಇದನ್ನು ಕೇಳಿ ಅವರು ಸ್ವಲ್ಪ ಮೆತ್ತಗಾದರು.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡ, ಅಲ್ಲಿನ ವಿದ್ಯಾರ್ಥಿಗಳು ಯಾವ ಆಸ್ಪತ್ರೆಗೆ, ವಾರಕ್ಕೆ ಎಷ್ಟು ದಿನ ಹೋಗುತ್ತಾರೆ ಎಂದು ಅವರನ್ನೇ ಕೇಳು ಎಂದೆ. ಫಲಿತಾಂಶ ಬಂದ ವಾರದಲ್ಲೇ ಫೋನ್ ಮಾಡುವ ಏಜೆಂಟರಿಗೆ ಮುಂಗಡ ಕೊಡಬೇಡಿ, ಮೂಲ ಅಂಕಪಟ್ಟಿಯನ್ನಂತೂ ಅವರ ಕೈಗೆ ಕೊಡಲೇಬೇಡಿ ಎಂದು ತಾಯಿಗೆ ಎರಡು ಸಲ ಹೇಳಿದೆ. ಇದರಲ್ಲಿ ಕೈ ಸುಟ್ಟುಕೊಂಡ ಮನೆಗಳನ್ನು ಪ್ರತಿ ವರ್ಷ ನೋಡುತ್ತಿದ್ದೇನೆ, ಹೊಟ್ಟೆ ಉರಿಯುತ್ತದೆ.

ಹದಿನೈದು ದಿನದ ನಂತರ ಕಾವ್ಯ ಒಬ್ಬಳೇ ಬಂದಳು. ಆಯ್ಕೆ ಪಟ್ಟಿಯಲ್ಲಿ ನರ್ಸಿಂಗ್ ಕಾಲೇಜುಗಳನ್ನು ಮೇಲೆ ಬರೆದಿದ್ದಳು. ಅಕ್ಕನ ಮಗುವನ್ನು ಕರೆದುಕೊಂಡು ಅದೇ ಆಸ್ಪತ್ರೆಗೆ ಹೋಗಿ ಆ ಸಿಸ್ಟರ್ ಹೆಸರು ಕೇಳಿಕೊಂಡು ಬಂದಿದ್ದಳು. ಮಾವ ಮಾತ್ರ ಬಂಧುಗಳಿಗೆ “ಮೆಡಿಕಲ್ ಲೈನ್” ಎಂದಷ್ಟೇ ಹೇಳುತ್ತಿದ್ದಾರಂತೆ, ನರ್ಸ್ ಎಂಬ ಮಾತು ಇನ್ನೂ ಅವರ ಬಾಯಿಗೆ ಬಂದಿಲ್ಲ. ಮುಂದಿನ ವಾರ ಅವರೊಬ್ಬರನ್ನೇ ಬರಲು ಹೇಳಿದ್ದೇನೆ.