‘ಸಂಸ್ಕೃತಿಯ ವ್ಯತ್ಯಾಸ’ ಅಂದರೆ ಸಾಕೇ?

ನಮಸ್ಕಾರ.

ವಿದೇಶಿ ಮಾರುಕಟ್ಟೆಯಲ್ಲಿ ಕಂಪನಿಗಳ ಪೈಪೋಟಿ ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ಮತ್ತೆ ಬರೆಯಿರಿ.

ಮೊದಲ ಮೂರು ಪುಟದ ತುಂಬ ‘ಕಂಪನಿಗಳು ಸ್ಥಳೀಯರಿಗೆ ಹೊಂದಿಕೊಳ್ಳಬೇಕು’ ಎಂಬ ಒಂದೇ ಮಾತಿದೆ. ಒಬ್ಬ ಗಿರಾಕಿಯೂ ಕಾಣಿಸುವುದಿಲ್ಲ. ನಾಲ್ಕನೇ ಪುಟದಲ್ಲಿ ಅಮೆರಿಕದ ದೊಡ್ಡ ಅಂಗಡಿ ಸರಣಿ ವಾಲ್‌ಮಾರ್ಟ್ ಬಂದಾಗ ಖುಷಿಯಾಯಿತು. ಅದನ್ನೂ ‘ಸಂಸ್ಕೃತಿಯ ವ್ಯತ್ಯಾಸದಿಂದ ಜರ್ಮನಿಯಲ್ಲಿ ಸೋತಿತು’ ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ. ನಿಮ್ಮ ಲೇಖನ ಶುರುವಾಗಬೇಕಾದದ್ದೇ ಅಲ್ಲಿ!

ಓದುಗರನ್ನು ಮಳಿಗೆಯೊಳಗೆ ಕರೆದುಕೊಂಡು ಹೋಗಿ. ಬಿಲ್ ಹಾಕುವ ಕಡೆ ಸಿಬ್ಬಂದಿ ಗಿರಾಕಿಯ ಸಾಮಾನನ್ನು ಚೀಲಕ್ಕೆ ತುಂಬಲು ಕೈಹಾಕುತ್ತಾರೆ. ತಮ್ಮ ಸಾಮಾನು ತಾವೇ ತುಂಬಿಕೊಂಡು ರೂಢಿಯಾದವರಿಗೆ ಅದು ಕಿರಿಕಿರಿ. ಇದನ್ನು ಬರೆಯಿರಿ. ಆದರೆ ಬರೀ ಇಷ್ಟಕ್ಕೇ ಯಾವ ಕಂಪನಿಯೂ ಗಂಟುಮೂಟೆ ಕಟ್ಟುವುದಿಲ್ಲ, ಅಲ್ವಾ? ವಾಲ್‌ಮಾರ್ಟ್‌ನ ಬಲವೇ ಅಗ್ಗದ ಬೆಲೆ. ಅದು 1997ರಲ್ಲಿ ಜರ್ಮನಿಗೆ ಕಾಲಿಟ್ಟಾಗ ಅಲ್ಲಿನವೇ ಆದ ಆಲ್ಡಿ, ಲಿಡ್ಲ್ ಅಂಗಡಿ ಸರಣಿಗಳು ಆಗಲೇ ಅಗ್ಗಕ್ಕೆ ಮಾರುತ್ತಿದ್ದವು. ಅಮೆರಿಕದಲ್ಲಿ ರಾಶಿಗಟ್ಟಲೆ ಕೊಂಡು ಬೆಲೆ ಇಳಿಸುತ್ತಿದ್ದ ಕಂಪನಿಗೆ, ಜರ್ಮನಿಯಲ್ಲಿದ್ದ ನೂರರೊಳಗಿನ ಮಳಿಗೆಗಳಿಂದ ಆ ಲಾಭ ಸಿಗಲಿಲ್ಲ. ನಷ್ಟಕ್ಕೆ ಮಾರಿ ಗೆಲ್ಲೋಣ ಅಂದರೆ ಕಾನೂನು ಬಿಡಲಿಲ್ಲ. ಹಾಲು, ಬೆಣ್ಣೆಯಂಥ ಸಾಮಾನನ್ನು ಕೊಂಡ ಬೆಲೆಗಿಂತ ಕಡಿಮೆಗೆ ಮಾರಬಾರದು ಎಂದು 2000ದಲ್ಲಿ ಅಲ್ಲಿನ ಪೈಪೋಟಿ ನಿಯಂತ್ರಣ ಇಲಾಖೆ ಆದೇಶ ಹೊರಡಿಸಿತು. ಆ ಆದೇಶದಲ್ಲಿ ಲಿಡ್ಲ್ ಹೆಸರೂ ಇತ್ತು. ಆದರೆ ಪೆಟ್ಟು ಜಾಸ್ತಿ ಬಿದ್ದದ್ದು ಹೊಸದಾಗಿ ಗಿರಾಕಿಗಳನ್ನು ಸೆಳೆಯಬೇಕಿದ್ದವರಿಗೆ ಅಂತ ನನಗನಿಸುತ್ತದೆ. 2006ರಲ್ಲಿ 85 ಮಳಿಗೆಗಳನ್ನು ಜರ್ಮನಿಯದೇ ಆದ ಮೆಟ್ರೊ ಎಂಬ ಅಂಗಡಿ ಕಂಪನಿಗೆ ಮಾರಿ ವಾಲ್‌ಮಾರ್ಟ್ ಹೊರಟಿತು. ‘ಸಂಸ್ಕೃತಿ’ ಎಂಬ ಒಂದು ಪದದ ಕೆಳಗೆ ಇಷ್ಟೆಲ್ಲ ಮುಚ್ಚಿಹೋಗಿದೆ ನೋಡಿ.

ಇನ್ನೊಂದು ತಕರಾರು. ‘ಕಾರ್ಯತಂತ್ರ ಮುಖ್ಯ ಕಚೇರಿಯಲ್ಲೇ ಪಕ್ಕಾ ಆಗಿರಬೇಕು’ ಅನ್ನುತ್ತೀರಿ. ನಾನು ಒಪ್ಪುವುದಿಲ್ಲ. 1959ರಲ್ಲಿ ಹೋಂಡಾ ಲಾಸ್ ಏಂಜಲೀಸ್‌ನಲ್ಲಿ ಕಚೇರಿ ತೆರೆದದ್ದು ದೊಡ್ಡ ಬೈಕುಗಳ ಮೇಲೆ ಆಸೆಯಿಟ್ಟು. ಅಮೆರಿಕನ್ನರು ದೂರದೂರಕ್ಕೆ ಜೋರಾಗಿ ಓಡಿಸಿದರು. ಎಣ್ಣೆ ಸೋರಿತು, ಕ್ಲಚ್ ಕೆಟ್ಟಿತು. ಸಿಬ್ಬಂದಿ ಸುಮ್ನೆ ಓಡಾಡಲು ಇಟ್ಟುಕೊಂಡಿದ್ದ ಪುಟ್ಟ 50 ಸಿಸಿ ಸೂಪರ್ ಕಬ್ ಮೇಲೆ ಜನರ ಕಣ್ಣು ಬಿತ್ತು. ಕಂಪನಿ ಹಟ ಹಿಡಿಯದೆ ಅದನ್ನೇ ಮಾರಿತು. ಇದಕ್ಕೆ ನಿಮ್ಮ ಉತ್ತರವೇನು? ಅದನ್ನೂ ಲೇಖನದಲ್ಲೇ ಬರೆಯಿರಿ.

ಮೊದಲ ಮೂರು ಪುಟ ತೆಗೆದುಹಾಕಿ, ಆ ಚೀಲದಿಂದ ಶುರು ಮಾಡಿ ಕಳಿಸಿ. ಬಂದ ಕೂಡಲೇ ನಾನೇ ಓದುತ್ತೇನೆ.

– ಸಂಪಾದಕ